ಬೆನ್ನ ಹಿಂದಿನ ಆಟ

ಆಟಕ್ಕೆ ಬೆನ್ನು ಹಾಕಿ ನಿಲ್ಲುವುದು ನನ್ನ ಕೆಲಸ.
ಹಳದಿ ಜಾಕೆಟ್ಟು, ಕಿವಿಯಲ್ಲೊಂದು ವೈರು,
ಗಂಟೆಗೆ ಹದಿನಾಲ್ಕು ಡಾಲರು.
ಜನರನ್ನು ನೋಡು ಗಾರ್ನರ್, ಚೆಂಡನ್ನಲ್ಲ,
ಅನ್ನುತ್ತಾನೆ ವೈರಿನೊಳಗಿಂದ ಲೈಲ್.
ಹನ್ನೊಂದು ಚಳಿಗಾಲ ಕಳೆದವು.
ಎಲ್ಸ್‌ಬರಿ, ಡ್ರೇಟನ್ ಕಾಲೇಜುಗಳು ಆಡಿದ ಒಂದಾಟವನ್ನೂ
ನಾನು ಕಂಡಿಲ್ಲ, ತಪ್ಪಿಸಿಕೊಂಡೂ ಇಲ್ಲ.

ಲೋಕದಲ್ಲಿ ಮುಖ ನೋಡಿ ಮಣೆ ಹಾಕುತ್ತಾರಂತೆ.
ನಾನು ಮುಖ ನೋಡಿ ಅಂಕ ಹಾಕುತ್ತೇನೆ.

ನಾಲ್ಕನೇ ಸಾಲಿನ ಮರ್ನಾ ಟಟಲ್,
ಅರ್ಧ ಊರಿಗೆ ಲೆಕ್ಕ ಕಲಿಸಿದ ಟೀಚರು,
ಚೀಟಿಯಲ್ಲಿ ಪೆನ್ಸಿಲ್ ಗೀಟೆಳೆದರೆ ನಮಗೆ ಎರಡು,
ಒತ್ತಿ ಎಳೆದರೆ ಮೂರು,
ಮೊನೆ ಮುರಿದರೆ ರೆಫರಿ ಕುರುಡ.
ಅವಳ ಹಿಂದೆ ಹಾರ್ಡ್‌ವೇರ್ ಅಂಗಡಿಯ ಓಟಿಸ್
ಟೋಪಿ ತೆಗೆದು ಬೋಳುತಲೆ ಸವರಿದನೆಂದರೆ
ನಮ್ಮ ಹುಡುಗ ಫ್ರೀ ಥ್ರೋ ಗೆರೆಯಲ್ಲಿದ್ದಾನೆ;
ಟೋಪಿ ಮರಳಿ ತಲೆಗೇರಿತೋ, ಚೆಂಡು ಹೊರಗೆ.

ಬಾಗಿಲ ಬಳಿ ರಾಸ್ಕೋ ಮತ್ತು ಗ್ಲೆಂಡಾ.
ಅವಳು ವಾಬಾಷ್ ನದಿಯ ಆಚೆ ದಡದ ಡ್ರೇಟನ್ ಹುಡುಗಿ,
ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ.
ವರ್ಷಕ್ಕಿದೊಂದು ರಾತ್ರಿ
ನಡುವೆ ಕೋಟುಗಳ ಗುಡ್ಡೆ ಹಾಕಿ ಕೂರುತ್ತಾರೆ.
ಅವಳು ನಕ್ಕರೆ ಇವನಿಗೆ ಎದೆಯುರಿ.
ಪಾಪ್‌ಕಾರ್ನ್ ಡಬ್ಬಿ ಮಾತ್ರ ಗುಡ್ಡೆಯ ಮೇಲೆ,
ಇಬ್ಬರ ಕೈಗೂ ಸಿಗುವಂತೆ.

ಈಗ ಹನ್ನೆರಡು ಸೆಕೆಂಡು. ನಮ್ಮವರು ಎರಡಂಕ ಮುಂದೆ:
ಮರ್ನಾ ಚೀಟಿಯನ್ನು ಎದೆಗವಚಿಕೊಂಡಿದ್ದಾಳೆ.
ಯಾರೂ ಕೂತಿಲ್ಲ.
ಹಲಗೆಯ ಮೇಲೆ ಬೂಟುಗಳ ಕಿರುಚು,
ಚೆಂಡಿನ ಬಡಿತ ನನ್ನ ಅಂಗಾಲಿನಿಂದ ಮಂಡಿಗೇರುತ್ತಿದೆ.
ಬ್ಯಾಂಡಿನ ಹುಡುಗಿ ಟ್ರಾಂಬೋನ್ ತುಟಿಗಿಟ್ಟು
ಊದುವುದನ್ನು ಮರೆತಿದ್ದಾಳೆ.
ಅಂಗಿ ಬಿಚ್ಚಿ ನಿಂತ ಪೋರನ ಎದೆಯ ಮೇಲೆ
ಕಾಲೇಜಿನ ನೀಲಿ ಅಕ್ಷರ ಬೆವರಿಗೆ ಕರಗಿ
ಹೊಕ್ಕುಳಿಗೆ ಇಳಿಯುತ್ತಿದೆ.

ಆಮೇಲೆ, ಯಾರೋ ದಾರ ಜಗ್ಗಿದಂತೆ,
ಅಷ್ಟೂ ಗದ್ದಗಳು ಒಟ್ಟಿಗೆ ಮೇಲೆದ್ದವು.
ಚೆಂಡು ಗಾಳಿಯಲ್ಲಿದೆ.
ಅವರ ಕಣ್ಣುಗಳು ನನ್ನ ನೆತ್ತಿಯ ಮೇಲೆ ಹಾದು
ಎಡಕ್ಕೆ ಹೋಗಿ ನಿಂತವು.
ಕಬ್ಬಿಣದ ಸದ್ದು. ಇನ್ನೊಂದು.
ಕಣ್ಣುಗಳು ಪುಟ್ಟದೊಂದು ಸುತ್ತು ಹಾಕಿದವು,
ಬೋಗುಣಿಯ ಅಂಚಿನಲ್ಲಿ ನಿಂಬೆ ಉರುಳುವಾಗ
ಮಗು ನೋಡುತ್ತದಲ್ಲ, ಹಾಗೆ.

ನನ್ನ ಬೆನ್ನು ಬಿಸಿಯಾಯಿತು.
ಅತ್ತ ಡ್ರೇಟನ್ ಬೆಂಚುಗಳು ಒಡೆದುಕೊಂಡು ಕೂಗುತ್ತಿದ್ದವು;
ಇತ್ತ ಓಟಿಸ್‌ನ ಟೋಪಿ ತಲೆಯ ಮೇಲೂ ಇರಲಿಲ್ಲ, ಕೈಯಲ್ಲೂ.
ಗ್ಲೆಂಡಾ ಎದ್ದಳು, ಎರಡೂ ಕೈ ಎತ್ತಿದಳು,
ಎತ್ತಿದ್ದನ್ನು ಎಲ್ಲಿಡುವುದೆಂದು ತಿಳಿಯದೆ
ಒಂದನ್ನು ರಾಸ್ಕೋನ ಕತ್ತಿನ ಮೇಲಿಟ್ಟಳು.
ಅವನು ಕೊಡವಿ ಹಾಕಿದ.
ಆಮೇಲೆ ಅವಳ ಕೋಟನ್ನು ಹುಡುಕಿ ಕೊಟ್ಟ.

ಅಂಕಣಕ್ಕೆ ಯಾರನ್ನೂ ಬಿಡಬೇಡ, ಅಂದ ಲೈಲ್.
ಯಾರೂ ಅಂಕಣಕ್ಕೆ ನುಗ್ಗಲಿಲ್ಲ. ನನ್ನ ಹತ್ತಿರ ಬಂದರು.
ಕಾಲು ಗೆರೆ ತುಳಿದಿತ್ತು, ಮೂರಲ್ಲ ಅದು, ಎರಡೇ!
ನಾನು ಕಣ್ಣಾರೆ ಕಂಡೆ, ಅಂದ ರಾಸ್ಕೋ.
ತುಳಿದಿರಲಿಲ್ಲ, ಗ್ಲೆಂಡಾಳೂ ಕಣ್ಣಾರೆ ಕಂಡಿದ್ದಳು.
ಅರ್ಧ ಬೆರಳು, ಅಂದ ಓಟಿಸ್, ಬೆರಳು ತೋರಿಸಿ.
ಮರ್ನಾ ನಿಧಾನ ಮೆಟ್ಟಿಲಿಳಿದು ಬಂದು
ಕನ್ನಡಕದ ಮೇಲಿಂದ ನೋಡಿದಳು,
ಏಳನೇ ತರಗತಿಯಲ್ಲಿ ನೋಡುತ್ತಿದ್ದಂತೆ:
ಗಾರ್ನರ್, ಎಲ್ಲರಿಗಿಂತ ಹತ್ತಿರವಿದ್ದವನು ನೀನು. ಹೇಳು.

ಗೆರೆ ನನ್ನ ಹಿಮ್ಮಡಿಯಿಂದ ಎರಡು ಮಾರು.
ಉತ್ತರ ಬರದಿದ್ದರೂ ಎದ್ದು ನಿಲ್ಲಲೇಬೇಕಿತ್ತು
ಅವಳ ತರಗತಿಯಲ್ಲಿ.

ಟೀಚರ್, ಅಂದೆ, ಆಗ ನಿಮ್ಮ ಬಾಯಿ ತೆರೆದಿತ್ತು.
ಒಳಗೆ, ಕೆಳಸಾಲಿನ ಎಡಕ್ಕೆ,
ಒಂದು ಬಂಗಾರದ ಹಲ್ಲಿದೆ.
ಇಷ್ಟು ವರ್ಷ ಅದು ನನಗೆ ಗೊತ್ತಿರಲಿಲ್ಲ.

ಅವಳು ಬಾಯಿ ಮುಚ್ಚಿಕೊಂಡಳು.
ಚೀಟಿಯ ಕೊನೆಯಲ್ಲಿ ಏನೋ ಬರೆದಳು,
ಎರಡೋ ಮೂರೋ, ಮಡಚಿಬಿಟ್ಟಳು.
ಹೊರಗೆ ಹಿಮ ಬೀಳುತ್ತಿತ್ತು;
ಸೇತುವೆಯತ್ತ ಕಾರುಗಳು ಇನ್ನೂ ಹಾರ್ನ್ ಹೊಡೆಯುತ್ತಿದ್ದವು.