ಒಂಬತ್ತನೇ ಹಾಡಿನಲ್ಲಿ ಗಾಳಿಯಿಲ್ಲ

ಮೀನು ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ.
ಐಸ್ ಕೋಣೆಯ ಗೋಡೆ ಮೊಳ ದಪ್ಪ, ಪುಕ್ಕಟೆ ಸ್ಟುಡಿಯೊ.
ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ದಂಡೆ, ನವೆಂಬರ್.
ಮೈಕಿನ ಕಂಬಕ್ಕೆ ಒದ್ದೆ ಕೈಗವಸು ನೇತುಹಾಕಿ
ನಾವು ನಾಲ್ವರು ಹಡಗು ಕಟ್ಟುತ್ತಿದ್ದೆವು,
ಹನ್ನೊಂದು ಹಾಡಿನ ಹಡಗು.

ಬ್ರೈಡೀ ಹೈನ್ಸ್‌ಳ ಗಂಟಲು ತುಕ್ಕು ಹಿಡಿದ ಬಾಗಿಲು.
ಕ್ಲೆಮ್ ಕೀಪಿಂಗ್ ಡ್ರಮ್ಮಿಗೆ ಕೂತರೆ
ಸಾಲ ವಸೂಲಿಗೆ ಬಂದವನ ಹಾಗೆ ಬಡಿಯುತ್ತಾನೆ.
ಲೆಂಡರ್‌ನ ಮ್ಯಾಂಡೊಲಿನ್ನಿಗೆ ಎರಡು ತಂತಿ ಕಡಿಮೆ,
ಅದೇ ಪಂಕ್ ಅಂತ ಅವನ ವಾದ.
ನಾನು ಹಗಲು ವೆಲ್ಡರ್, ರಾತ್ರಿ ಅಕಾರ್ಡಿಯನ್.

ಕಥೆ ಊರಿಗೆಲ್ಲ ಗೊತ್ತಿದ್ದದ್ದೇ:
ಎಲ್ಫ್ರೀಡಾ ಎಂಬ ಹಾಯಿಹಡಗು,
ಕಾಡ್ ಮೀನಿಗೆ ಹೋದವರು ಹದಿನೈದು ಮಂದಿ,
ಬಿರುಗಾಳಿ, ಮುಳುಗಡೆ, ದಡದಲ್ಲಿ ಹೆಂಗಸರು.
ಎ ಬದಿಗೆ ಕುಡಿತ ಕುಣಿತ, ಲಂಗರು ಎತ್ತುವ ಗದ್ದಲ;
ಬಿ ಬದಿಗೆ ಸಾವು.
ಒಂಬತ್ತನೆಯದು ಬಿರುಗಾಳಿ.
ಕ್ಲೆಮ್ ಸಿಂಬಲ್ ಚಚ್ಚಿ ಅಲೆ ಎಬ್ಬಿಸಿದ,
ಲೆಂಡರ್ ತಗಡು ಅಲುಗಿಸಿ ಗುಡುಗು ತಂದ,
ನಾನು ತಿದಿಯನ್ನು ಹರಿಯುವಷ್ಟು ಎಳೆದೆ.
ಕೇಳಿದವರೆಲ್ಲ ಹೊಗಳಿದ್ದು ಅದನ್ನೇ.

ಆವತ್ತು ಬ್ರೆಡ್ಡು ಕೊಡಲು ಬಂದಳು
ಕ್ಲೆಮ್‌ನ ಅಜ್ಜಿಯ ತಂಗಿ, ಫಿಲೊಮಿನಾ. ತೊಂಬತ್ತೊಂದು ವರ್ಷ.
ಟೋಪಿಯ ಮೇಲೇ ಹೆಡ್‌ಫೋನ್ ಏರಿಸಿ
ಪೂರ್ತಿ ಕೇಳಿದಳು, ತೆಗೆದಿಟ್ಟಳು,
“ಗಾಳಿ ಎಲ್ಲಿತ್ತೋ ಮಗಾ?” ಎಂದಳು.

“ಕಡಲು ತಟ್ಟೆಯ ಹಾಗಿತ್ತು.
ಅಮ್ಮ ಬಟ್ಟೆ ಒಣಹಾಕಿದ್ದಳು, ಒಂದು ತೋಳೂ ಅಲುಗಲಿಲ್ಲ.
ನನಗೆ ಏಳು ವರ್ಷ, ಕ್ಲಿಪ್ಪು ಎಣಿಸಿ ಕೊಡುವ ಕೆಲಸ.
ತಳದ ಹಲಗೆ ಹುಳ ತಿಂದು ಮೆತ್ತಗಾಗಿತ್ತು.
ಅಪ್ಪ ಮಾಲೀಕನ ಎದುರಿಗೇ ಚಾಕು ಚುಚ್ಚಿದ್ದ,
ಹಿಡಿಯವರೆಗೂ ಇಳಿದಿತ್ತು.
ಇದೊಂದು ಸಲ ಹೋಗಿಬನ್ನಿ ಎಂದ ಅವನು.
ವಿಮೆ ಕಾಗದದ ಶಾಯಿ ಆರಿರಲಿಲ್ಲ.

ಇಡೀ ರಾತ್ರಿ ಪಂಪು ಒತ್ತಿದರಂತೆ.
ಗಾಳಿ ಬಂದಿದ್ದರೆ ದಡ ಸೇರುತ್ತಿದ್ದರು, ತಿಳೀತಾ?
ಹಾಯಿ ಹಸಿದ ಹೊಟ್ಟೆಯ ಹಾಗೆ ಜೋತುಬಿದ್ದಿತ್ತು.
ಇದ್ದ ಒಂದು ಗಟ್ಟಿ ದೋಣಿಯಲ್ಲಿ
ಅಡುಗೆ ಹುಡುಗನನ್ನು ಕೂರಿಸಿ ಕಳಿಸಿದರು.
ಹೇಳಿದ್ದು ಅವನೇ. ನಂಬಿದವರು ಹೆಂಗಸರು ಮಾತ್ರ.
ಬಿರುಗಾಳಿ ಬಂದದ್ದು ಆಮೇಲೆ, ವಿಚಾರಣೆಯ ಕೋಣೆಗೆ,
ವಕೀಲನ ಬಾಯಿಂದ. ಗಾಳಿಯಲ್ಲ, ಗಾಳಿಮಾತು.”

ಉಪ್ಪು ತಿಂದವನು ನೀರು ಕುಡಿಯಬೇಕು.
ಉಪ್ಪುಮೀನು ಮಾರಿ ತಿಂದವನು ಒಬ್ಬ.
ನೀರು ಕುಡಿದವರು ಹದಿನಾಲ್ಕು ಜನ.

“ಆದರೂ ಹಾಡು ಚೆನ್ನಾಗಿದೆಯಲ್ಲ” ಎಂದ ಲೆಂಡರ್.
ಯಾರೂ ಅವನನ್ನು ನೋಡಲಿಲ್ಲ.
ನಮ್ಮ ಸಿಟ್ಟನ್ನೆಲ್ಲ ಇಷ್ಟು ದಿನ
ಪಾಪದ ಕಡಲಿನ ಮೇಲೆ ಕಾರಿದ್ದೆವು,
ಎಂಬತ್ತು ವರ್ಷ ಹಳೆಯ ವಕೀಲನಿಗೆ
ಪುಕ್ಕಟೆ ತಾಳ ಹಾಕಿಕೊಟ್ಟಿದ್ದೆವು.

ಯಾರದೋ ಕೊಟ್ಟಿಗೆಯಿಂದ ಕೈಪಂಪು ತಂದೆವು.
ಎಣ್ಣೆ ಬಿಡಬೇಡ ಎಂದಳು ಬ್ರೈಡೀ.
ಕ್ಲೆಮ್ ಅಂಗಿ ಕಳಚಿ ಹಿಡಿಕೆಗೆ ನಿಂತ.
ಎತ್ತು, ಒತ್ತು. ಎತ್ತು, ಒತ್ತು.
ನಾಲ್ಕು ನಿಮಿಷ. ಅದರ ಮೇಲೆ ಬ್ರೈಡೀ
ಹಾಡಲಿಲ್ಲ, ಎಣಿಸಿದಳು,
ಬಟ್ಟೆಯ ಕ್ಲಿಪ್ಪು ಎಣಿಸುವ ಹಾಗೆ,
ಹದಿನಾಲ್ಕಕ್ಕೆ ಬಂದು ಮತ್ತೆ ಒಂದರಿಂದ.
ನನ್ನ ಕೆಲಸ ಸುಮ್ಮನಿರುವುದು:
ತಿದಿಗೆ ಪಟ್ಟಿ ಬಿಗಿದು
ಅಕಾರ್ಡಿಯನ್ನನ್ನು ಮಗುವಿನಂತೆ ಒತ್ತಿ ಹಿಡಿದು ಕೂತೆ.
ಮೂರನೇ ನಿಮಿಷದಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳುತ್ತದೆ.
ನಾನೇ. ಅಳಿಸಲಿಲ್ಲ.

ಮುಖಪುಟ ಮೊದಲೇ ಅಚ್ಚಾಗಿಹೋಗಿತ್ತು, ಮುನ್ನೂರು ಪ್ರತಿ,
ಹಡಗನ್ನು ನುಂಗುವ ದೊಡ್ಡ ನೀಲಿ ಅಲೆ; ದುಡ್ಡು ವಾಪಸಿಲ್ಲ.
ಬ್ರೈಡೀ ನೆಲದ ಮೇಲೆ ಕೂತು ದಪ್ಪ ಮಾರ್ಕರ್ ಹಿಡಿದು
ಒಂದೊಂದು ಅಲೆಗೂ ಅಡ್ಡಗೀಟು ಎಳೆದಳು.
ನೂರಾ ಎಂಬತ್ತಕ್ಕೆ ಶಾಯಿ ಮುಗಿಯಿತು,
ಊರಿನ ಅಂಗಡಿ ಮುಚ್ಚಿತ್ತು.
ಉಳಿದವುಗಳ ಮೇಲೆ
ಈಗಲೂ ಬಿರುಗಾಳಿ ಬೀಸುತ್ತಲೇ ಇದೆ.