ಹಬ್ಬು, ತೂಬು

ಡಬ್ಬದ ಮೇಲೆ ಹಬ್ ಎಂದಿತ್ತು.
ಕಬ್ಬಿನ ಆಫೀಸಿನಲ್ಲಿ ಅದು ಹಬ್ಬು ಆಯಿತು,
ಅವರೆ ಬಳ್ಳಿಗೆ ಹೇಳುವ ಹಾಗೆ.
ಮದ್ದೂರು ದಾಟಿ ಎಡಕ್ಕೆ, ನಾಲೆಯ ಏರಿ ಹಿಡಿದು
ಟಿವಿಎಸ್ಸಿನ ಹಿಂದೆ ಕಟ್ಟಿ ತಂದಿದ್ದೆ ನಾಲ್ಕನ್ನು,
ತೊಂಬತ್ತೊಂಬತ್ತರ ನವೆಂಬರು, ಕಬ್ಬು ಅರೆಯುವ ಕಾಲ,
ನಾಲಿಗೆಯ ತುದಿಯವರೆಗೂ ಕಾಕಂಬಿಯ ವಾಸನೆ.

ಒಂದರ ಮೇಲೊಂದು ಪೇರಿಸಿ
ಬೆನ್ನಿಗೆ ಬೆನ್ನು ಗೇಣುದ್ದದ ಕೇಬಲ್ಲು ಕಚ್ಚಿಸಿದೆ.
ನಾಲ್ಕು ಡಬ್ಬ, ನಲವತ್ತೆಂಟು ಬಾಯಿ, ಒಂದೇ ಗಂಟಲು.
ಯಾರು ಏನಂದರೂ ಎಲ್ಲರ ಕಿವಿಗೆ:
ತೂಕದ ಮನೆಯ ಗಾಡಿ ನಂಬರು ಲ್ಯಾಬಿನವರಿಗೆ,
ಲ್ಯಾಬಿನ ಸಿಹಿಯ ಲೆಕ್ಕ ಸಂಬಳದ ಟೇಬಲಿಗೆ,
ಸಂಬಳದ್ದು ಎಲ್ಲರಿಗೂ.
ತನ್ನದಲ್ಲದ್ದನ್ನು ಕೇಳಿಯೂ ಕೇಳದಂತಿರುವುದು
ಯಂತ್ರಗಳ ಮರ್ಯಾದೆ.

ಮೂರು ದಿನ ಚೆನ್ನಾಗಿತ್ತು.
ನಾಲ್ಕನೆಯ ದಿನ ಗಾಡಿಗಳ ಸಾಲು ಆಲದ ಮರ ಮುಟ್ಟಿ
ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.
ಡಿಕ್ಕಿಯ ದೀಪ, ಆ ಹಳದಿಯದು,
ಮಿಣುಕುವುದು ಬಿಟ್ಟು ಉರಿಯತೊಡಗಿತು.
ಮಾತಿಗೆ ಮಾತು ಬಡಿದು ಎರಡೂ ಮುರಿದು
ಇಬ್ಬರೂ ಸುಮ್ಮನಾಗಿ, ಒಂದು ಗಳಿಗೆ ತಡೆದು,
ಮತ್ತೆ ಶುರು, ಮತ್ತೆ ಡಿಕ್ಕಿ.
ಸಾವಂತ್ರಮ್ಮನವರ ಪರದೆಯ ಮೇಲೆ ಮರಳುಗಡಿಯಾರ.
"ನಿನ್ನ ಹಬ್ಬು ಹಬ್ಬಿ ಹಬ್ಬಿ
ನನ್ನ ಕುತ್ತಿಗೆಗೆ ಸುತ್ತಿತು ನೋಡು" ಅಂದರು.

ರಾತ್ರಿ ಪಾಳಿಯ ಕಾವಲಿಗೆ ಮರಿದೇವಯ್ಯ.
ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ
ಏಳನೇ ತೂಬಿನ ನೀರುಗಂಟಿ.
ಬೀಡಿಯನ್ನು ಕಿವಿಗೇರಿಸಿ, ಬಗ್ಗಿ, ಹಳದಿ ದೀಪ ನೋಡಿದ.
"ಒಂದೇ ನಾಲೆಗೆ ಊರೆಲ್ಲ ಮಡೆ ಕಡುದ್ರೆ
ಯಾರ್ ಗದ್ದೆಗೂ ನೀರತ್ತಾಕಿಲ್ಲ ಕನವ್ವ.
ಪಾಲ್ ಮಾಡು."

ಪಾಲು ಮಾಡಿದೆ.
ಬೆನ್ನಿನ ಪುಟ್ಟ ಗುಂಡಿಗಳನ್ನು ಪಿನ್ನಿನಲ್ಲಿ ತಳ್ಳಿ
ಮೇಲಿನದು ತೂಕಕ್ಕೆ, ಅದರ ಕೆಳಗಿನದು ಲ್ಯಾಬಿಗೆ,
ಆಮೇಲೆ ಸಂಬಳ, ತಳದಲ್ಲಿ ಲೆಕ್ಕದ ಕೋಣೆ.
ಹೊರಗೆ ಒಂದೇ ಪೇರು, ಒಳಗೆ ನಾಲ್ಕು ನಾಲೆ.
ಹಳದಿ ತಣ್ಣಗಾಯಿತು.
ಕುರ್ಚಿಯಲ್ಲೇ ನನಗೂ ನಿದ್ದೆ.

ಬೆಳಿಗ್ಗೆ ಎಬ್ಬಿಸಿದ್ದು ಬೈಗುಳ.
ಐವತ್ತಮೂರು ಗಾಡಿ ತೂಗಿದ್ದಾರೆ,
ಲೆಕ್ಕದ ಕೋಣೆಗೆ ಒಂದೂ ಬಂದಿಲ್ಲ.
ಪ್ರತಿ ಕೋಣೆಯೂ ತನ್ನೊಳಗೆ ತಾನು ಸರಾಗ ಮಾತಾಡಿಕೊಂಡು
ಗೋಡೆಯಾಚೆ ಯಾರೂ ಇಲ್ಲವೆಂದೇ ನಂಬಿತ್ತು.
ಹೊಳಲಿನ ತಿಬ್ಬಯ್ಯ ಚೀಟಿ ಹಿಡಿದು ನಿಂತಿದ್ದ:
"ತೂಗೋರು ಬಂದೆ ಅಂತಾರೆ,
ಕಾಸ್ ಕೊಡೋರು ಬಂದೇ ಇಲ್ಲ ಅಂತಾರೆ.
ನಾನ್ ಬಂದಿವ್ನೋ ಇಲ್ವೋ, ಒಸಿ ನೋಡ್ ಯೋಳಿ."

ಪಾಳಿ ಮುಗಿದರೂ ಮನೆಗೆ ಹೋಗಿರಲಿಲ್ಲ ಮರಿದೇವಯ್ಯ.
ಮೆಟ್ಟಿಲ ಬಳಿಯ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ
"ಬದ ಆಕ್ದೆ, ಸರಿ" ಅಂದ.
"ತೂಬು ಎಲ್ಲಿ ಮಡಗ್ದೆ?"

ಮಂಡ್ಯಕ್ಕೆ ಓಡಿ ಸಂಜೆಗೆ ತಂದೆ ಒಂದು ಬ್ರಿಜ್ಜು,
ಇಟ್ಟಿಗೆಯಷ್ಟು ದಪ್ಪ, ನಾಲ್ಕೇ ಬಾಯಿ.
ನಾಲ್ಕು ನಾಲೆಗೂ ಒಂದೊಂದು ತಂತಿ ಎಳೆದೆ.
ಯಾರು ಯಾವ ಕೋಣೆಯವರೆಂದು
ಕಿವಿಗೊಟ್ಟು ಕಿವಿಗೊಟ್ಟು ಕಲಿಯಿತು ಅದು, ಹೊಸ ಸೊಸೆಯಂತೆ:
ಗುರುತಿಲ್ಲದಾಗ ಮನೆಯೆಲ್ಲ ಕೇಳುವಂತೆ ಕೂಗಿ,
ಗುರುತಾದ ಮೇಲೆ ಆ ಬಾಗಿಲಿಗಷ್ಟೇ.
ಆರು ಗಂಟೆ ಹತ್ತು ನಿಮಿಷಕ್ಕೆ ತಿಬ್ಬಯ್ಯ
ಲೆಕ್ಕದ ಕೋಣೆಯಲ್ಲಿ ಹುಟ್ಟಿದ,
ಎರಡು ಟನ್ನು ನಾನೂರು ಕೇಜಿ.

"ಎಲ್ಲಾರ್ಗೂ ಅಂತ ಕೂಗುದ್ರೆ?"
ಮರಿದೇವಯ್ಯನಿಗೆ ಇನ್ನೂ ಅನುಮಾನ.
ಅದು ದಾಟುತ್ತದೆ, ನಾಲ್ಕೂ ಕಡೆಗೆ ಹೋಗುತ್ತದೆ, ಎಂದೆ.
"ಅಂಗಾರೆ ಸರಿ.
ತಮಟೆ ಊರ್ಗೆಲ್ಲ ಕೇಳ್ಬೇಕು,
ನೀರು ಔರೌರ್ ಗದ್ದೆಗೆ."

ಈಗ ಪ್ರತಿ ಬಾಯಿಗೂ ಅದರದ್ದೇ ತೂಬು.
ಯಾರ ಮಾತೂ ಯಾರಿಗೂ ತಾಗುವುದಿಲ್ಲ,
ಹಳದಿ ದೀಪ ಹೊಸ ಡಬ್ಬಗಳಲ್ಲಿ ಬೇರೆಯದೇನನ್ನೋ ಹೇಳುತ್ತದೆ,
ಹಬ್ಬು ಎಂದರೆ ಹುಡುಗರು ಬಳ್ಳಿ ಹುಡುಕುತ್ತಾರೆ.
ಗುಜರಿಗೆ ಹಾಕುವಾಗ ಮೂರನ್ನು ಕೊಟ್ಟು
ಒಂದನ್ನು ಉಳಿಸಿಕೊಂಡೆ, ಯಾಕೋ.
ಅದರ ಆರನೇ ಬಾಯಿಯೊಳಗೆ ಒಂಚೂರು ಬೂದಿ ಇದೆ.
ಚಿಮಣಿಯದೋ, ಬೀಡಿಯದೋ,
ಊದಿ ತೆಗೆದಿಲ್ಲ.