ಏಳನೆಯ ಸಲ

“ಮತ್ತ ಹೊಡಕೊಂಡೈತ್ರಿ ನಿಮ್ಮ ಭೋಂಗಾ”
ಬೆಳ್‌ಬೆಳಿಗ್ಗೆ ಗುಳೇದಗುಡ್ಡದಿಂದ ಮದ್ದಾನಿಯವರ ಫೋನು.
ನಮ್ಮದಲ್ಲ ನಿಮ್ಮದು ಅನ್ನಲಿಲ್ಲ.
ಅರ್ಧ ರೊಟ್ಟಿ ಬಾಯಲ್ಲಿಟ್ಟು
ಬಾಗಲಕೋಟೆಯಿಂದ ಗಾಡಿ ಬಿಟ್ಟೆ.

ಮೊದಲ ಸಲ ಹಲ್ಲಿ.
ಸೆನ್ಸಾರಿನ ಗಾಜುಗಣ್ಣಿನ ಮೇಲೆ ಬೆಚ್ಚಗೆ ಮಲಗಿತ್ತು,
ಬಾಲವೊಂದನ್ನೇ ಆಡಿಸುತ್ತ.
ಆಮೇಲೆ ಜೇಡ. ಆಮೇಲೆ ಶಟರಿನ ಅಯಸ್ಕಾಂತ ಸಡಿಲಾಗಿ
ಗಾಳಿ ಬಂದರೆ ಕಟಕಟ.
ಬ್ಯಾಟರಿ ಬದಲಿಸಿದೆ, ತಂತಿ ಬದಲಿಸಿದೆ.
ಆರನೆಯ ಸಲ ಏನೂ ಸಿಗದೆ, ಸಿಕ್ಕವನಂತೆ ಹುಬ್ಬೇರಿಸಿ
ಒಂದು ಸ್ಕ್ರೂ ಬಿಚ್ಚಿ
ಅದನ್ನೇ ಮತ್ತೆ ಬಿಗಿದೆ.

ಪೇದೆ ಯಮನೂರಪ್ಪ ಮೊದಲೆರಡು ರಾತ್ರಿ ಓಡಿ ಬಂದ.
ಮೂರನೆಯ ರಾತ್ರಿ ನಡೆದು ಬಂದ.
ಈಗ ಮಗ್ಗುಲು ಬದಲಿಸುತ್ತಾನಂತೆ, ಅಷ್ಟೇ.
ಇಡೀ ಓಣಿಗೆ ಜೋಗುಳವಾಗಿದೆ ಸೈರನ್ನು.

“ಇದಕ್ಕಿಂತ ಜೋರಿಂದು ಹಾಕೋಣೇನು?”
ಜೋರು ಸಾಕಷ್ಟಿದೆ ಸಾವಕಾರ್ರ, ಕಡಿಮೆಯಾದದ್ದು ಬೇರೆ,
ಎನ್ನಬೇಕೆಂದವನು
“ಇವತ್ತ ರಾತ್ರಿ ಒಳಗ ನನ್ನ ಇಟ್ಟ ಕೀಲಿ ಹಾಕ್ರಿ” ಅಂದೆ.

ಸೈರನ್ನಿನ ತಂತಿ ಕಿತ್ತು
ಸೆನ್ಸಾರಿಗೆ ಕಾಣದ ಮೂಲೆಯಲ್ಲಿ ಕೂತೆ
ಅದು ನೋಡುವುದನ್ನೇ ನೋಡುತ್ತ.
ಹೊಸ ಅರಿವೆಯ ಗಂಜಿ ವಾಸನೆ. ಸೊಳ್ಳೆ.
ಹನ್ನೊಂದಕ್ಕೆ ಕರೆಂಟು ಹೋಯಿತು.
ದೂರದಲ್ಲಿ ಯಾವುದೋ ಕೈಮಗ್ಗ, ಲಾಟೀನಿನ ಬೆಳಕಲ್ಲಿ
ಒಂದೇ ಮಾತು ಹೇಳುತ್ತಿತ್ತು.

ಎರಡೂ ನಲವತ್ತಕ್ಕೆ ಕರೆಂಟು ಬಂತು.
ಯಾರೋ ಆರಿಸದೆ ಬಿಟ್ಟ ಫ್ಯಾನು ನರಳಿ ತಿರುಗಿತು.
ತೂಗುಬಿಟ್ಟ ಖಣದ ಸೀರೆಗಳು ಒಂದೊಂದಾಗಿ ಎದ್ದು
ಹಬ್ಬಕ್ಕೆ ಹೊರಟ ಅಕ್ಕತಂಗಿಯರಂತೆ
ಸಾಲು ಹಿಡಿದವು.
ಕೆಂಪು ದೀಪ ಹತ್ತಿತು.

ಪಾಪ, ಅದು ಸುಳ್ಳು ಹೇಳಿರಲಿಲ್ಲ.
ಯಾರೋ ನಡೆದಾಡಿದ್ದನ್ನು ಕಂಡಿತ್ತು.

ಬಟನ್ನು ಒತ್ತಿದೆ, ಫ್ಯಾನು ನಿಂತಿತು.
ಇಷ್ಟಕ್ಕೆ ಕೂಲಿ ಎಷ್ಟೆಂದು ಕೇಳಲಿ?
ನಾಚಿಕೆಗೆ ಇನ್ನಷ್ಟು ಕೆಲಸ ಮಾಡಿದೆ:
ಕಣ್ಣನ್ನು ಸೀರೆಯಿಂದ ಬಾಗಿಲ ಕಡೆ ತಿರುಗಿಸಿ
ಶಟರೂ ಹೌದೆಂದರೆ ಮಾತ್ರ ಕೂಗು ಎಂದು ಅದಕ್ಕೆ ಕಲಿಸಿದೆ.

ನಾಲ್ಕನೆಯ ದಿನ ಬಿಲ್ಲಿಗೆ ಹೋದರೆ
ಎದುರು ಮನೆ ನಿಂಬೆವ್ವ ನನ್ನ ಚೀಲವನ್ನೇ ಹಿಡಿದಳು.
“ಯಪ್ಪಾ, ಅದ್ಯಾಕ ಸುಮ್ಮನಾತು?
ಅದು ಕೂಗಿತಂದ್ರ ಕರೆಂಟ ಬಂತಂತ ತಿಳೀತಿತ್ತ,
ಎದ್ದ ಮೋಟರ ಹಚ್ಚತಿದ್ನಿ.
ಮೂರ ದಿನಾತು, ಹಂಡೇಕ ಹನಿ ನೀರಿಲ್ಲ.”

ನನ್ನ ಡೈರಿಯಲ್ಲಿ ಏಳು ಸಾಲು:
ಸುಳ್ಳು, ಸುಳ್ಳು, ಸುಳ್ಳು…
ಒಬ್ಬಳು ಎದ್ದು ನೀರು ತುಂಬಿದ್ದು
ಎಲ್ಲೂ ಬರೆದಿರಲಿಲ್ಲ.

ಚೀಲದ ತಳದಲ್ಲೊಂದು ಹಳೆಯ ಬಜರು ಸಿಕ್ಕಿತು.
ಅವಳ ಹಾಸಿಗೆಗಷ್ಟೇ ಕೇಳುವಂತೆ, ಗುಬ್ಬಿ ಕೆಮ್ಮಿದಷ್ಟು ದನಿ.
“ಕರೆಂಟ ಹೋದಾಗ ಇದನ್ನ ಹಚ್ಚಿಡು, ಕೂಗಿದಾಗ ಆರಿಸು.”
ಅವಳು ಬೆರಳಲ್ಲೊಮ್ಮೆ ಮುಟ್ಟಿ ನೋಡಿ ಕೇಳಿದಳು:
“ಹಲ್ಲಿ ಬಂದ್ರ ಇದೂ ಹೊಡಕೊಂತೈತೇನು?”

ಇಲ್ಲವ್ವಾ ಅಂದೆ.
ಅಂದು, ಗೋಡೆಯ ಮೇಲೊಮ್ಮೆ
ಕಣ್ಣಾಡಿಸಿದೆ.